ಬೆರಳ ಮನಸ್ಸು ಓದುವ ಗಾಜು

ಫೋನ್ ಕೈಯಲ್ಲಿದೆಯೇ? ಹಾಗಾದರೆ ಓದುವುದನ್ನು ಅರೆಗಳಿಗೆ ನಿಲ್ಲಿಸಿ ಒಂದು ಕೆಲಸ ಮಾಡಿ. ಯಾವುದಾದರೂ ಆ್ಯಪ್ ತೆರೆಯಿರಿ. ಅದರಲ್ಲಿ ದೊಡ್ಡದೊಂದು ಬಟನ್ ಹುಡುಕಿ. ‘ಸರಿ’, ‘ಮುಂದೆ’, ‘ಉಳಿಸು’, ಯಾವುದಾದರೂ ಆದೀತು. ಅದರ ಮೇಲೆ ಬೆರಳಿಡಿ, ಎತ್ತಬೇಡಿ. ಬಟನ್ನಿನ ಬಣ್ಣ ಕೊಂಚ ಬದಲಾಯಿತೇ? ಈಗ ಬೆರಳನ್ನು ಗಾಜಿನಿಂದ ಎತ್ತದೆ ಹಾಗೇ ಪಕ್ಕಕ್ಕೆ ಜಾರಿಸುತ್ತಾ ಬಟನ್ನಿನಿಂದ ದೂರ ಹೋಗಿ, ಅಲ್ಲಿ ಎತ್ತಿ.

ಏನೂ ಆಗಲಿಲ್ಲ!

ಬಹುಪಾಲು ಆ್ಯಪ್‌ಗಳಲ್ಲಿ ಹೀಗೇ. ನೀವು ಬಟನ್ ಮುಟ್ಟಿದಿರಿ, ಬಟನ್ ಅದನ್ನು ಗಮನಿಸಿತು, ಬಣ್ಣ ಬದಲಿಸಿ ‘ನಾನು ತಯಾರು’ ಎಂದಿತು. ಆಮೇಲೆ ನೀವು ಮನಸ್ಸು ಬದಲಾಯಿಸಿದಿರಿ. ಅದೂ ಬಟನ್ನಿಗೆ ಗೊತ್ತಾಯಿತು! ಐಫೋನ್ ಆದರೆ ಇನ್ನೂ ಸೊಗಸು: ಹೊರಗೆ ಜಾರಿದ ಬೆರಳನ್ನು ಎತ್ತದೆ ಮತ್ತೆ ಬಟನ್ನಿನ ಮೇಲೆ ತಂದರೆ ಬಟನ್ ಮತ್ತೆ ಬೆಳಗುತ್ತದೆ. ಚದುರಂಗದಲ್ಲಿ ಕಾಯಿಯಿಂದ ಕೈ ತೆಗೆದ ಮೇಲಷ್ಟೇ ನಡೆ ಖಾಯಂ ಆಗುತ್ತದಲ್ಲ, ಇಲ್ಲೂ ಹಾಗೆಯೇ. ತೀರ್ಮಾನ ಆಗುವುದು ಬೆರಳು ಇಟ್ಟಾಗ ಅಲ್ಲ, ಎತ್ತಿದಾಗ. ದಿನವಿಡೀ ಫೋನ್ ಉಜ್ಜುವ ಎಷ್ಟು ಜನ ಇದನ್ನು ಗಮನಿಸಿದ್ದೇವೆ?

ನಾನಂತೂ ಇದನ್ನು ಗಮನಿಸಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಯಾಕೆಂದರೆ ಇದರ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಹಾಡುಗಳ ಉದ್ದನೆಯ ಪಟ್ಟಿಯೊಂದು ತೆರೆದಿದೆ ಎಂದುಕೊಳ್ಳಿ. ಅಲ್ಲಿ ಪ್ರತಿ ಸಾಲೂ ಒಂದು ಬಟನ್, ಒತ್ತಿದರೆ ಹಾಡು ಶುರು. ಇಡೀ ಪರದೆಯ ತುಂಬ ಬಟನ್‌ಗಳೇ, ನಡುವೆ ಎಳ್ಳಷ್ಟೂ ಖಾಲಿ ಜಾಗವಿಲ್ಲ. ಪಟ್ಟಿಯನ್ನು ಮೇಲಕ್ಕೆ ಎಳೆಯಬೇಕಾದರೂ ಬೆರಳನ್ನು ಯಾವುದೋ ಒಂದು ಬಟನ್ನಿನ ಮೇಲೇ ಇಡಬೇಕು. ಹಾಡು ಬೇಕೆಂದು ಒತ್ತುವ ಬೆರಳಿಗೂ ಪಟ್ಟಿ ಸರಿಸಬೇಕೆಂದು ಎಳೆಯಹೊರಟ ಬೆರಳಿಗೂ, ಗಾಜಿಗೆ ತಾಗಿದ ಆ ಮೊದಲ ಕ್ಷಣದಲ್ಲಿ, ಯಾವ ವ್ಯತ್ಯಾಸವೂ ಇಲ್ಲ. ಅದೇ ಬೆರಳು, ಅದೇ ಜಾಗ, ಅದೇ ತಾಗುವಿಕೆ. ಆದರೂ ನಾವು ನೂರಾರು ಬಟನ್‌ಗಳ ಮೇಲೆ ಬೆರಳೆಳೆದು ಪಟ್ಟಿಯ ತುದಿ ಮುಟ್ಟುತ್ತೇವೆ, ಒಂದು ಹಾಡೂ ತಪ್ಪಿ ಶುರುವಾಗುವುದಿಲ್ಲ! ಫೋನಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ ಕಣ್ಣಾರೆ ನೋಡಬಹುದು. ಆಂಡ್ರಾಯ್ಡ್ ಫೋನ್ ಇದ್ದವರು ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ವಿವರ ಇರುವಲ್ಲಿ ‘ಬಿಲ್ಡ್ ನಂಬರ್’ ಎಂಬುದನ್ನು 7 ಸಲ ಒತ್ತಿ. ಡೆವಲಪರ್ ಆಯ್ಕೆಗಳೆಂಬ ಹೊಸ ಪುಟವೊಂದು ತೆರೆದುಕೊಳ್ಳುತ್ತದೆ. ಅದರೊಳಗೆ ‘ಪಾಯಿಂಟರ್ ಲೊಕೇಶನ್’ ಎಂಬ ಸ್ವಿಚ್ ಇದೆ. ಅದನ್ನು ಹಾಕಿ, ಪರದೆ ಮುಟ್ಟಿ. ಬೆರಳಿದ್ದಲ್ಲಿ ಅಡ್ಡ-ಉದ್ದ ಎರಡು ಗೆರೆಗಳು ಕೂಡುತ್ತವೆ, ಬೆರಳು ಹೋದ ದಾರಿಯೆಲ್ಲ ಗೀಟಾಗಿ ಮೂಡುತ್ತದೆ. ಪರದೆಯ ತಲೆಯ ಮೇಲೆ ಒಂದು ಪಟ್ಟಿ, ಅದರಲ್ಲಿ ಅಂಕಿಗಳ ಓಟ: ಅಡ್ಡಕ್ಕೆ ಎಲ್ಲಿ, ಉದ್ದಕ್ಕೆ ಎಲ್ಲಿ, ಎಷ್ಟು ವೇಗ, ಎಷ್ಟು ಒತ್ತಡ.

ಬೆರಳನ್ನು ಒಂದಿಷ್ಟೂ ಅಲುಗಿಸದೆ ಹಿಡಿದು ನೋಡಿದೆ. ನಿಂತಿದೆ ಎಂದು ನನಗೆ ಖಾತ್ರಿಯಿತ್ತು. ಅಂಕಿಗಳು ಒಪ್ಪಲಿಲ್ಲ! ಅವು ಮಿಸುಕುತ್ತಲೇ ಇದ್ದವು. ಹೌದು, ಜೀವಂತ ಕೈ ಎಂದೂ ನಿಲ್ಲುವುದಿಲ್ಲ. ಪೂರ್ತಿ ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಕಣ್ಣಿಗೆ ಕಾಣದಷ್ಟು ನವಿರಾಗಿ ನಡುಗುತ್ತಿರುತ್ತದೆ. ಅದರ ಮೇಲೆ ಬೆರಳ ತುದಿಯ ಮೆತ್ತನೆಯ ಮಾಂಸ ಗಾಜಿಗೆ ಒತ್ತಿ ಅಗಲವಾಗುತ್ತದೆ, ಎತ್ತುವಾಗ ಕೊಂಚ ಉರುಳುತ್ತದೆ, ಇಷ್ಟಕ್ಕೇ ಸ್ಪರ್ಶದ ನಡುಬಿಂದು ಜರುಗುತ್ತದೆ. ಅಂದರೆ ಅಪ್ಪಟವಾದ ‘ಒತ್ತು’ ಎನ್ನುವುದು ಲೋಕದಲ್ಲೇ ಇಲ್ಲ. ನಾವು ಒತ್ತು ಎನ್ನುವ ಪ್ರತಿಯೊಂದೂ ಪುಟಾಣಿ ಎಳೆತವೇ!

ಇನ್ನು ಬೆರಳೆತ್ತಿದಾಗ ಆದದ್ದು ಕೇಳಿ. ತಲೆಯ ಪಟ್ಟಿಯಲ್ಲಿ ‘ಡಿಎಕ್ಸ್’, ‘ಡಿವೈ’ ಎಂಬ ಎರಡು ಮನೆಗಳು ಉಳಿದವು. ಬೆರಳಿಟ್ಟ ಜಾಗಕ್ಕೂ ಎತ್ತಿದ ಜಾಗಕ್ಕೂ ಇರುವ ದೂರ ಅದು. ಅಂಕಿ ಸಣ್ಣದಿದ್ದಾಗ ಮನೆಯ ಬಣ್ಣ ಸಾದಾ. ಬೆರಳನ್ನು ಸ್ವಲ್ಪ ಜಾಸ್ತಿ ಸರಿಸಿ ಎತ್ತಿದೆ. ಮನೆ ಕೆಂಪಾಯಿತು! ಮತ್ತೆ ಕಡಿಮೆ ಸರಿಸಿದರೆ ಸಾದಾ, ಜಾಸ್ತಿ ಸರಿಸಿದರೆ ಕೆಂಪು. ಎಲ್ಲೋ ಒಂದು ಗೆರೆ ಇದೆ. ಗೆರೆಯೊಳಗೆ ಉಳಿದರೆ ಒತ್ತು, ದಾಟಿದರೆ ಎಳೆತ. ಫೋನು ತನ್ನ ತೀರ್ಪನ್ನು ಬಣ್ಣದಲ್ಲಿ ಬರೆದು ನನ್ನ ಕಣ್ಣ ಮುಂದೆ ಹಿಡಿದಿತ್ತು.

ಆ ಗೆರೆ ಎಲ್ಲಿದೆ ಎನ್ನುವುದು ಗುಟ್ಟೇನಲ್ಲ. ಆಂಡ್ರಾಯ್ಡ್‌ನ ಮೂಲಸಂಕೇತ ಯಾರು ಬೇಕಾದರೂ ಓದಬಹುದಾದದ್ದು, ಅದರಲ್ಲೇ ಬರೆದಿದೆ: 8 ಡಿಪಿ. ಡಿಪಿ ಅಂದರೆ ಒಂದು ಇಂಚಿನ 160ನೇ ಒಂದು ಭಾಗ ಎಂದು ಲೆಕ್ಕ. ಎಂಟನ್ನು ನೂರಾ ಅರವತ್ತರಿಂದ ಭಾಗಿಸಿ: ಇಂಚಿನ ಇಪ್ಪತ್ತನೇ ಒಂದು ಭಾಗ. 1.27 ಮಿಲಿಮೀಟರ್! ನಿಮ್ಮ ಆಂಡ್ರಾಯ್ಡ್ ಫೋನ್ ಯಾವುದೇ ಇರಲಿ, ಪರದೆ ಎಷ್ಟೇ ಚಿಕ್ಕದೋ ದೊಡ್ಡದೋ ಇರಲಿ, ಗೆರೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಹಳೆಯ 2.3ನೇ ಆವೃತ್ತಿಯಲ್ಲಿ ಅದು 16 ಇತ್ತು. ಗಾಜು ಚುರುಕಾದಂತೆ ಗೆರೆ ಅರ್ಧದಷ್ಟು ಹತ್ತಿರ ಬಂತು. ಪುಟಗಳನ್ನು ಅಡ್ಡಕ್ಕೆ ಮಗುಚುವಾಗ ಮಾತ್ರ ಇಂದಿಗೂ ಎರಡರಷ್ಟು ದೂರ ಕೇಳುತ್ತದೆ, 16 ಡಿಪಿ. ಪಟ್ಟಿಯನ್ನು ಕೆಳಗೆ ಮೇಲೆ ಸರಿಸುವ ಬೆರಳು ಒಂಚೂರು ಪಕ್ಕಕ್ಕೆ ವಾಲಿದ ಮಾತ್ರಕ್ಕೆ ಇಡೀ ಪುಟವೇ ಬದಲಾಗಿಬಿಡಬಾರದು ನೋಡಿ!

1.27 ಮಿಲಿಮೀಟರ್ ಎಂದಾಗ ನನಗೆ ಉಸಿರು ನಿಂತದ್ದು ಬೇರೊಂದು ಕಾರಣಕ್ಕೆ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ಪಾರದರ್ಶಕ ತಂತಿಗಳ ಬಲೆಯೊಂದು ಇರುತ್ತದೆ. ಅಡ್ಡಸಾಲು, ಉದ್ದಸಾಲು. ಅವು ಹಾದುಹೋಗುವ ಪ್ರತಿ ಜಾಗದಲ್ಲೂ ಒಂದಿಷ್ಟು ವಿದ್ಯುದಂಶ ಕೂಡಿರುತ್ತದೆ, ಬೆರಳು ಹತ್ತಿರ ಬಂದರೆ ಅದರಲ್ಲಿ ಚೂರು ಕಡಿಮೆಯಾಗುತ್ತದೆ. ಕಡಿಮೆಯಾಗುವುದಾದರೂ ಎಷ್ಟು? ಒಂದು ಪಿಕೋಫ್ಯಾರಡ್‌ಗಿಂತಲೂ ಕಡಿಮೆ. ಫ್ಯಾರಡ್ ಎಂಬ ಅಳತೆಯನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಪಿಕೋಫ್ಯಾರಡ್, ಅದರಲ್ಲೂ ಒಂದು ತುಣುಕು! ಆದರೆ ಈ ಬಲೆಯ ಕಣ್ಣುಗಳು ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಅಗಲ. ಮೂರು ಪಟ್ಟು ಅಗಲದ ಕಣ್ಣುಗಳಿರುವ ಬಲೆ ಒಂದೂಕಾಲು ಮಿಲಿಮೀಟರಿನ ಚಲನೆಯನ್ನು ಹಿಡಿಯುವುದೆಂದರೆ ಹೇಗೆ? ಬೆರಳು ಒಂದೇ ಕಣ್ಣಿನ ಮೇಲೆ ಕೂರುವುದಿಲ್ಲ, ಅಕ್ಕಪಕ್ಕದ ಹಲವನ್ನು ಆವರಿಸುತ್ತದೆ. ಯಾವುದರಲ್ಲಿ ಎಷ್ಟು ಕಡಿಮೆಯಾಯಿತು ಎಂದು ತೂಗಿ ನೋಡಿ ಅವುಗಳ ನಡುಬಿಂದು ಎಲ್ಲಿ ಬೀಳುತ್ತದೆಂದು ಚಿಪ್ ಲೆಕ್ಕ ಹಾಕುತ್ತದೆ. ಎಡದ ಕಣ್ಣಿನ ಇಳಿಕೆ ಚೂರು ತಗ್ಗಿ, ಬಲದ ಕಣ್ಣಿನ ಇಳಿಕೆ ಚೂರು ಹೆಚ್ಚಿತೆಂದರೆ ಬೆರಳು ಬಲಕ್ಕೆ ಸರಿದಿದೆ. ಇದನ್ನೆಲ್ಲ ಈಗಿನ ಹಲವು ಫೋನ್‌ಗಳು ಸೆಕೆಂಡಿಗೆ 120 ಸಲ ಮಾಡುತ್ತವೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ನೀವು ಬಟನ್ ಮುಟ್ಟಿ ಬಿಟ್ಟರೆ ಫೋನಿಗೆ ಸಿಕ್ಕುವುದು ಬರೀ 12 ಚುಕ್ಕಿಗಳು. ಆ ಹನ್ನೆರಡು ಚುಕ್ಕಿಗಳಲ್ಲಿ ನಿಮ್ಮ ಮನಸ್ಸು ಓದಬೇಕು!

ಸಾಲದ್ದಕ್ಕೆ ಬೆರಳ ತುದಿ ಎಲ್ಲಿದೆ ಎನ್ನುವುದರಲ್ಲೇ ನಮಗೂ ಗಾಜಿಗೂ ಒಮ್ಮತವಿಲ್ಲ. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಹಾಸೊ ಪ್ಲಾಟ್ನರ್ ಇನ್‌ಸ್ಟಿಟ್ಯೂಟ್‌ನ ಕ್ರಿಶ್ಚಿಯನ್ ಹೋಲ್ಟ್ಸ್ ಮತ್ತು ಪ್ಯಾಟ್ರಿಕ್ ಬೌಡಿಶ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೇನೆಂದರೆ, ಜನ ಗುರಿಯಿಡುವುದು ಬೆರಳ ಮೇಲ್ಭಾಗ ನೋಡಿಕೊಂಡು, ಉಗುರಿನ ಅಂದಾಜಿನಲ್ಲಿ. ಗಾಜು ಅಳೆಯುವುದು ಬೆರಳ ಅಡಿಯನ್ನು. ನಾವು ನೋಡುವ ಬೆರಳು ಒಂದು, ಫೋನಿಗೆ ತಾಗುವ ಬೆರಳು ಇನ್ನೊಂದು.

ಇಷ್ಟು ಮಸುಕಿನ ನಡುವೆ ತೀರ್ಪು ಕೊಡುವುದು ಹೇಗೆ ನಡೆಯುತ್ತದೆ ಎನ್ನುವುದಂತೂ ಒಂದು ನಾಟಕವೇ. ಬೆರಳು ತಾಗಿದೊಡನೆ ಒಬ್ಬರಲ್ಲ, ನಾಲ್ಕೈದು ಮಂದಿ ಅದು ತಮ್ಮದೆಂದು ಮುಂದೆ ಬರುತ್ತಾರೆ. ಬಟನ್ ಎನ್ನುತ್ತದೆ, ಇದು ಒತ್ತು, ನನ್ನದು. ಪಟ್ಟಿ ಎನ್ನುತ್ತದೆ, ತಾಳು, ಎಳೆತ ಇರಬಹುದು, ನನ್ನದು. ಅಡ್ಡಪುಟ ತನ್ನದೆನ್ನುತ್ತದೆ. ಅತ್ತ ಗಡಿಯಾರವೊಂದು ಓಡತೊಡಗಿರುತ್ತದೆ: ಬೆರಳು ಅರ್ಧ ಸೆಕೆಂಡಿನಷ್ಟು ಕದಲದೆ ನಿಂತರೆ ಇದು ದೀರ್ಘ ಒತ್ತು, ನನ್ನದು. ಗೂಗಲ್‌ನವರ ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಾಧನದಲ್ಲಿ ಇದಕ್ಕೆ ಇಟ್ಟಿರುವ ಹೆಸರೇ ಕಣ! ಕಣಕ್ಕಿಳಿದವರಲ್ಲಿ ಕೆಲವರು ತಾವಾಗಿ ಸೋಲೊಪ್ಪಿ ಹಿಂದೆ ಸರಿಯುತ್ತಾರೆ. ಬೆರಳು ಗೆರೆ ದಾಟಿತೆಂದರೆ ಒತ್ತಿನ ಕಡೆಯವರು ಹೋದರು. ಉಳಿದವರು ಒಬ್ಬರೇ ಆದರೆ ಗೆಲುವು ಅವರದು. ಬೆರಳು ಎದ್ದರೂ ಇತ್ಯರ್ಥ ಆಗದಿದ್ದರೆ ಮೊದಲು ಕಣಕ್ಕೆ ಬಂದವರಿಗೆ ಗೆಲುವು. ಆಂಡ್ರಾಯ್ಡ್‌ನಲ್ಲಿ ಸೋತವರಿಗೆ ಒಂದು ಸಂದೇಶ ಹೋಗುತ್ತದೆ: ರದ್ದು. ಇಲ್ಲಿಯವರೆಗೆ ನೀನು ಕಂಡದ್ದನ್ನೆಲ್ಲ ಮರೆತುಬಿಡು. ಬಟನ್ ತನ್ನ ಬಣ್ಣ ಇಳಿಸಿಕೊಂಡು ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ.

ಈ ‘ರದ್ದು’ ನನ್ನನ್ನು ಬಹಳ ಕಾಡಿತು. ಪಟ್ಟಿಯನ್ನು ಸರ್ರನೆ ಎಳೆದಾಗಲೆಲ್ಲ ಬೆರಳ ಕೆಳಗೆ ಸಿಕ್ಕ ಸಾಲೊಂದಕ್ಕೆ ಈ ಸಂದೇಶ ಹೋಗಿರುತ್ತದೆ. ಹಾಗಿದ್ದರೆ ಆ ಸಾಲು ಒಂದು ಕ್ಷಣ ಬಣ್ಣ ಬದಲಿಸಿ ಮಿನುಗಬೇಕಿತ್ತಲ್ಲ? ಮಿನುಗುವುದಿಲ್ಲ. ಸರಿಯುವ ಪಟ್ಟಿಯೊಳಗಿನ ಬಟನ್, ಬೆರಳು ತಾಗಿದೊಡನೆ ಬಣ್ಣ ಬದಲಿಸದೆ 100 ಮಿಲಿಸೆಕೆಂಡ್ ಬೇಕೆಂದೇ ತಡೆದುಕೊಳ್ಳುತ್ತದೆ, ಎಳೆತ ಇದ್ದರೂ ಇರಬಹುದೆಂದು. ಸರಿ, ಅಷ್ಟರೊಳಗೆ ಬೆರಳೆತ್ತಿಬಿಟ್ಟರೆ? ಬಣ್ಣ ತೋರಿಸಲು ಅವಕಾಶವೇ ಸಿಗಲಿಲ್ಲವಲ್ಲ! ಆಗ, ಕೇಳಿ, ಬೆರಳು ಎದ್ದುಹೋದ ಮೇಲೆ ಫೋನು ಆ ಬಟನ್ನನ್ನು 64 ಮಿಲಿಸೆಕೆಂಡ್ ಒತ್ತಿದಂತೆ ತೋರಿಸುತ್ತದೆ. ನಮ್ಮ ಕಣ್ಣಿಗೆ ಬೀಳುವ ಆ ಚಿಕ್ಕ ಬೆಳಕು ಎಷ್ಟೋ ಸಲ ಬೆರಳು ಅಲ್ಲಿಲ್ಲದಾಗ ಮೂಡುವಂಥದ್ದು. ನಾವು ಒತ್ತಿದ್ದು ನಮಗೆ ಕಾಣಲಿ ಎಂದು ಯಾರೋ ಒಬ್ಬರು ಕೂತು ಯೋಚಿಸಿ ಇಟ್ಟ ಬೆಳಕು!

ಇನ್ನೊಂದು ಸೂಕ್ಷ್ಮವನ್ನು ನೀವೇ ಪರೀಕ್ಷಿಸಬಹುದು. ಪಟ್ಟಿಯಲ್ಲಿ ಒಂದು ಅಕ್ಷರದ ಮೇಲೆ ಸರಿಯಾಗಿ ಬೆರಳಿಟ್ಟು ತೀರಾ ನಿಧಾನ ಎಳೆಯಿರಿ. ಮೊದಲು ಏನೂ ಕದಲುವುದಿಲ್ಲ. ಗೆರೆ ದಾಟಿದ ಮೇಲೆ ಪಟ್ಟಿ ನಯವಾಗಿ ಹೊರಡುತ್ತದೆ. ಬೆರಳು ಆಗಲೇ 1.27 ಮಿಲಿಮೀಟರ್ ಮುಂದೆ ಹೋಗಿದೆಯಲ್ಲ, ಅದನ್ನು ಹಿಡಿಯಲು ಪಟ್ಟಿ ಒಮ್ಮೆಲೇ ಜಿಗಿಯಬೇಕಿತ್ತು. ಆಂಡ್ರಾಯ್ಡ್ ಆ ದೂರವನ್ನು ಲೆಕ್ಕದಿಂದ ಕಳೆದುಬಿಡುತ್ತದೆ. ಹಾಗಾಗಿ ಎಳೆತ ಮುಗಿಯುವವರೆಗೂ ಅಕ್ಷರ ನಿಮ್ಮ ಬೆರಳಿಗಿಂತ ಒಂದು ಕೂದಲೆಳೆ ಹಿಂದೆಯೇ ಇರುತ್ತದೆ. ಇಷ್ಟು ವರ್ಷ ಅದು ಹಿಂದೆಯೇ ಇತ್ತು!

ಎತ್ತಿದಾಗ ತೀರ್ಮಾನ ಎಂಬ ಈ ವಿಚಾರ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದರೆ ಫೋನ್‌ಗಳು ಹುಟ್ಟುವುದಕ್ಕೂ ಬಹಳ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ.ಎ. ಜಾನ್ಸನ್ ಸ್ಪರ್ಶ ಪರದೆಯ ಬಗ್ಗೆ ಲೇಖನ ಪ್ರಕಟಿಸಿದ್ದು 1965ರಲ್ಲಿ. 1970ರ ದಶಕದಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಫ್ರ್ಯಾಂಕ್ ಬೆಕ್ ಮತ್ತು ಬೆಂಟ್ ಸ್ಟುಂಪೆ ಕಣವೇಗವರ್ಧಕದ ನಿಯಂತ್ರಣ ಕೊಠಡಿಗೆ 16 ಬಟನ್‌ಗಳ ಪರದೆ ಮಾಡಿಕೊಟ್ಟರು. ಅವಕ್ಕೆ ಗೊತ್ತಿದ್ದದ್ದು ಒಂದೇ: ತಾಗಿದೆ, ತಾಗಿಲ್ಲ. ಬೆರಳು ಗಾಜಿನ ಮೇಲೆ ನಡೆಯಬಹುದೆಂಬುದು ಅವುಗಳ ಲೋಕದಲ್ಲಿ ಇರಲಿಲ್ಲ.

ತಿರುವು ಬಂದದ್ದು 1988ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ರಿಚರ್ಡ್ ಪಾಟರ್, ಲಿಂಡಾ ವೆಲ್ಡನ್, ಬೆನ್ ಶ್ನೈಡರ್‌ಮನ್ ಎಂಬ ಮೂವರು ಮೂರು ಬಗೆಯ ಸ್ಪರ್ಶವನ್ನು ಜನರ ಮುಂದಿಟ್ಟು ಹೋಲಿಸಿದರು. ಮೊದಲನೆಯದರಲ್ಲಿ ಬೆರಳು ಬಿದ್ದ ಜಾಗವೇ ಕೊನೆ. ಎರಡನೆಯದರಲ್ಲಿ ಬೆರಳು ಖಾಲಿ ಜಾಗದಲ್ಲಿ ಇಳಿದು ಸರಿಯುತ್ತಾ ಮೊದಲು ತಾಗಿದ ಗುರಿ ಆಯ್ಕೆಯಾಗುತ್ತದೆ. ಮೂರನೆಯದರಲ್ಲಿ ಬೆರಳಿಗಿಂತ ಅರ್ಧ ಇಂಚು ಮೇಲೆ ಒಂದು ಗುರುತು ತೇಲುತ್ತದೆ. ಬೆರಳು ಸರಿಸಿದಂತೆ ಅದೂ ಸರಿಯುತ್ತದೆ, ಬೇಕಾದ ಕಡೆ ಬಂದಾಗ ಬೆರಳೆತ್ತಿದರೆ ಆಯ್ಕೆ. ಫಲಿತಾಂಶ? ಕೊನೆಯವರೆಗೂ ಏನಾಗುತ್ತಿದೆ ಎಂದು ತೋರಿಸುತ್ತಾ, ಎತ್ತಿದಾಗಷ್ಟೇ ಒಪ್ಪಿಕೊಳ್ಳುವ ಮೂರನೆಯ ಬಗೆಯಲ್ಲಿ ತಪ್ಪುಗಳು ಕಡಿಮೆ! ಇಂದು ಕೋಟ್ಯಂತರ ಜನ ದಿನಬೆಳಗಾದರೆ ಇದೇ ತತ್ತ್ವದ ಮೇಲೆ ಬೆರಳಾಡಿಸುತ್ತಿದ್ದಾರೆ.

2007ರಲ್ಲಿ ಐಫೋನ್ ಬಂದಾಗ ಅದರ ಸಫಾರಿ ಬ್ರೌಸರ್‌ಗೆ ಇನ್ನೊಂದು ಸಂದಿಗ್ಧ ಎದುರಾಯಿತು. ಎರಡು ಸಲ ಬೇಗಬೇಗ ಮುಟ್ಟಿದರೆ ಪುಟ ಹಿಗ್ಗಬೇಕು. ಹಾಗಾಗಿ ಒಂದು ಸಲ ಮುಟ್ಟಿದಾಗ ಇನ್ನೊಂದು ಬರುತ್ತದೋ ಎಂದು 300 ಮಿಲಿಸೆಕೆಂಡಿನಷ್ಟು ಕಾಯಬೇಕಾಯಿತು. ಮೊಬೈಲಿನಲ್ಲಿ ವೆಬ್ ಪುಟಗಳು ಜಡ ಎನಿಸುತ್ತಿದ್ದುದಕ್ಕೆ ಈ ಕಾಯುವಿಕೆಯೂ ಒಂದು ಕಾರಣ. ಮೊಬೈಲಿಗೆಂದೇ ಅಳತೆ ಮಾಡಿದ ಪುಟಗಳಲ್ಲಿ ಕ್ರೋಮ್ ಅದನ್ನು 2014ರಲ್ಲಿ ತೆಗೆದುಹಾಕಿತು, ಸಫಾರಿ 2016ರಲ್ಲಿ.

ಇಷ್ಟೆಲ್ಲ ಓದುತ್ತಾ ನನ್ನ ಎದೆ ಹಿಗ್ಗಿದ್ದು ನಮ್ಮ ಅಕ್ಷರಗಳ ಹತ್ತಿರ ಬಂದಾಗ! ಐಐಟಿ ಬಾಂಬೆಯ ವಿನ್ಯಾಸ ಕೇಂದ್ರ ಐಡಿಸಿಯಲ್ಲಿ ರೂಪುಗೊಂಡ ಸ್ವರಚಕ್ರ ಎಂಬ ಕೀಲಿಮಣೆಯನ್ನು ನೋಡಿ, ಕನ್ನಡದಲ್ಲೂ ಇದೆ. ವ್ಯಂಜನಗಳು ವರ್ಣಮಾಲೆಯ ಕ್ರಮದಲ್ಲೇ ಕೂತಿರುತ್ತವೆ. ‘ಕ’ ಮೇಲೆ ಬೆರಳಿಟ್ಟರೆ ಅದರ ಸುತ್ತ ಗುಣಿತಾಕ್ಷರಗಳು ಚಕ್ರವಾಗಿ ಅರಳುತ್ತವೆ. ಬೆರಳನ್ನು ಹಾಗೇ ಎತ್ತಿದರೆ ‘ಕ’. ಎತ್ತದೆ ‘ಕಿ’ ಇರುವ ಕಡೆ ಜಾರಿಸಿ ಎತ್ತಿದರೆ ‘ಕಿ’. ‘ಕೋ’ ಕಡೆಗೆ ಜಾರಿಸಿದರೆ ‘ಕೋ’. ಬೇರೆಲ್ಲ ಕಡೆ ಒತ್ತು-ಎಳೆತಗಳ ನಡುವಿನ ಗೆರೆ ತಪ್ಪು ತಪ್ಪಿಸಲು ಇದ್ದರೆ, ಇಲ್ಲಿ ಅದೇ ಗೆರೆ ವ್ಯಂಜನಕ್ಕೆ ಸ್ವರ ಕೂಡಿಸುತ್ತದೆ! ಒಂದೇ ಗುಂಡಿಯಲ್ಲಿ ಒಂದು ಇಡೀ ಕಾಗುಣಿತ. ಜಪಾನೀಯರೂ ಇಂಥದ್ದನ್ನೇ ಮಾಡಿಕೊಂಡಿದ್ದಾರೆ. ಅವರ ಫೋನಿನಲ್ಲಿ ‘ಅ’ ಗುಂಡಿಯನ್ನು ಸುಮ್ಮನೆ ಒತ್ತಿದರೆ ಅ, ಎಡಕ್ಕೆ ಚಿಮ್ಮಿಸಿದರೆ ಇ, ಮೇಲಕ್ಕೆ ಉ, ಬಲಕ್ಕೆ ಎ, ಕೆಳಕ್ಕೆ ಒ. ಅಲ್ಲಿ ಜನ ರೈಲಿನಲ್ಲಿ ನಿಂತು ಒಂದೇ ಹೆಬ್ಬೆರಳಲ್ಲಿ ಹೀಗೆ ಬರೆಯುತ್ತಾರೆ. ಸ್ವರ-ವ್ಯಂಜನಗಳು ಕೂಡಿ ಅಕ್ಷರವಾಗುವ ಲಿಪಿಗಳಿಗೆ ಗಾಜಿನ ಪರದೆ ತಂದ ಉಡುಗೊರೆ ಇದು. ಟೈಪ್‌ರೈಟರ್ ಗುಂಡಿಗೆ ಕೆಳಕ್ಕೆ ಇಳಿಯುವುದೊಂದೇ ಗೊತ್ತಿತ್ತು.

ಇನ್ನು ಬೇಕೆಂದೇ ಒತ್ತನ್ನು ಒಲ್ಲೆನ್ನುವ ಬಟನ್‌ಗಳೂ ಇವೆ. ಕರೆ ಬಂದಾಗ ಎಷ್ಟೋ ಫೋನ್‌ಗಳಲ್ಲಿ ಒತ್ತಿದರೆ ಸಾಲದು, ಎಳೆಯಬೇಕು. ಟ್ಯಾಕ್ಸಿ ಚಾಲಕರ ಆ್ಯಪ್‌ಗಳಲ್ಲಿ ಪ್ರಯಾಣ ಶುರು ಮಾಡಲು ಪಟ್ಟಿಯೊಂದನ್ನು ಬಲಕ್ಕೆ ಎಳೆಯುವುದನ್ನು ನೀವೂ ನೋಡಿರುತ್ತೀರಿ. ಜೇಬಿನೊಳಗೆ, ಗಾಡಿಯ ಕುಲುಕಾಟದಲ್ಲಿ ಪರದೆಗೆ ಏನೋ ತಾಗುವುದು ಸುಲಭ, ಆದರೆ ಒಂದೇ ದಿಕ್ಕಿಗೆ ನೇರವಾಗಿ ಅಷ್ಟುದ್ದ ಎಳೆಯುವುದು ಅಕಸ್ಮಾತ್ತಾಗಿ ಆಗುವ ಮಾತಲ್ಲ.

ಆದರೆ ಎಲ್ಲರ ಕೈಯೂ ಒಂದೇ ಅಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ಸೆಕೆಂಡಿಗೆ 4ರಿಂದ 6 ಸಲ ಅದುರುತ್ತದೆ, ಅದು ಕಣ್ಣಿಗೆ ಕಾಣುವ ಅದುರು. ಅಂಥ ಬೆರಳಿಗೆ 1.27 ಮಿಲಿಮೀಟರ್ ಏನೂ ಸಾಲದು. ಒತ್ತಬೇಕೆಂದೇ ಇಟ್ಟ ಬೆರಳು ಗೆರೆ ದಾಟುತ್ತದೆ, ಫೋನು ಅದನ್ನು ಎಳೆತವೆಂದು ತಿಳಿದು ಬಟನ್ನಿಗೆ ‘ರದ್ದು’ ಕಳಿಸುತ್ತದೆ. ಹಿರಿಯರೊಬ್ಬರು ಬಟನ್ನನ್ನು ಮತ್ತೆ ಮತ್ತೆ ಒತ್ತಿಯೂ ಕೆಲಸವಾಗದೆ ‘ನನಗೆ ಇದೆಲ್ಲ ಬರೋದಿಲ್ಲಪ್ಪ’ ಎಂದು ಫೋನ್ ಕೆಳಗಿಡುತ್ತಾರಲ್ಲ, ಅವರಿಗೆ ಬರುವುದಿಲ್ಲ ಎಂಬುದು ಎಷ್ಟೋ ಸಲ ಸುಳ್ಳು. ಅವರು ಒತ್ತಿದ್ದಾರೆ. ಗೆರೆ ಎಳೆದವರು ಅವರ ಕೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೇ. ಇದು ನನ್ನನ್ನು ಬೆರಗಿನಷ್ಟೇ ನೋವಿಗೂ ತಳ್ಳಿತು.

ಸಮಾಧಾನವೆಂದರೆ ಇದನ್ನು ಯೋಚಿಸಿದವರೂ ಇದ್ದಾರೆ. ವೆಬ್ಬನ್ನು ಎಲ್ಲರಿಗೂ ಎಟುಕುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿಯ 2018ರ ಆವೃತ್ತಿ, ಬೆರಳಿಟ್ಟ ಕೂಡಲೇ ಕೆಲಸ ನಡೆದುಬಿಡಬಾರದು, ನಡೆದರೂ ಹಿಂದೆಗೆಯಲು ದಾರಿ ಇರಬೇಕು ಎನ್ನುತ್ತದೆ. ಪರದೆಯ ಮೇಲಿನ ಪಿಯಾನೋದಂಥ ಕಡೆ ಮಾತ್ರ ವಿನಾಯಿತಿ, ಅಲ್ಲಿ ಬೆರಳಿಟ್ಟಾಗಲೇ ಸ್ವರ ಹೊರಡಬೇಕಲ್ಲ! 2023ರ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ: ಎಳೆತವೇ ಅನಿವಾರ್ಯವಾದ ಕಡೆ ಬಿಟ್ಟರೆ, ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಒತ್ತಿ ಮಾಡುವ ಇನ್ನೊಂದು ದಾರಿಯೂ ಇರಬೇಕು. ಆ್ಯಪ್ ಕಟ್ಟುವ ಗೆಳೆಯರೇ, ಬೆಂಗಳೂರಿನಲ್ಲಿ ನೀವು ಸಾವಿರಾರು ಜನ ಇದ್ದೀರಿ. ನಿಮ್ಮ ಎಳೆಯುವ ಪಟ್ಟಿಯ ಪಕ್ಕ ಒಂದು ಸಾದಾ ಬಟನ್ ಇಡಿ. ಒತ್ತು-ಎಳೆತದ ಗೆರೆಯನ್ನು ನಿಮ್ಮಷ್ಟಕ್ಕೆ ಹೊಸದಾಗಿ ಎಳೆಯಬೇಡಿ, ಫೋನಿನ ವ್ಯವಸ್ಥೆ ಕೊಡುವ ಅಂಕಿಯನ್ನೇ ಕೇಳಿ ಪಡೆಯಿರಿ.

ಓದುಗರಿಗೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಕೈ ನಡುಗುವವರು ಇದ್ದರೆ ಇವತ್ತೇ ಅವರ ಫೋನ್ ತೆಗೆದುಕೊಳ್ಳಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಟಚ್, ಅದರೊಳಗೆ ಟಚ್ ಅಕಾಮಡೇಶನ್ಸ್. ಎಷ್ಟು ಹೊತ್ತು ಮುಟ್ಟಿದರೆ ಮುಟ್ಟಿದಂತೆ ಎಂಬುದನ್ನು ಅಲ್ಲಿ ಹೊಂದಿಸಬಹುದು, ಪದೇ ಪದೇ ತಾಗುವುದನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನಬಹುದು, ಬೆರಳು ಮೊದಲು ತಾಗಿದ ಜಾಗವನ್ನೇ ಒತ್ತೆಂದು ತಿಳಿ ಎಂದೂ ಹೇಳಬಹುದು. ಆಂಡ್ರಾಯ್ಡ್‌ನಲ್ಲಿ ಆ್ಯಕ್ಸೆಸಿಬಿಲಿಟಿಯೊಳಗೆ ‘ಟಚ್ ಆ್ಯಂಡ್ ಹೋಲ್ಡ್ ಡಿಲೇ’ ಹುಡುಕಿ ‘ಲಾಂಗ್’ ಮಾಡಿ. ಆಮೇಲೆ ಪಕ್ಕದಲ್ಲೇ ಕೂತು, ಅವರ ಕೈಯಲ್ಲೇ ಒತ್ತಿಸಿ ನೋಡಿ. ಹೊಂದದಿದ್ದರೆ ಕಾಲದ ಅಳತೆಯನ್ನು ಹೆಚ್ಚುಕಡಿಮೆ ಮಾಡಿ ಮತ್ತೆ ಒತ್ತಿಸಿ. ಎಲ್ಲ ಸೇರಿ ಐದು ನಿಮಿಷದ ಕೆಲಸ, ದುಡ್ಡು ಬೇಕಿಲ್ಲ.